ಮಗುಚುತ್ತಿದ್ದ ಟ್ರಕ್ಕು

ಆಗೆಲ್ಲ ನಮ್ಮ ಅರಂತೋಡಿಗೆ ಬೇಸಿಗೆ ರಜೆ ಬರುತ್ತಿದ್ದುದು ಗೇರುಹಣ್ಣಿನ ವಾಸನೆಯ ಜೊತೆಗೆ. ಅಂಗಳದಲ್ಲಿ ಚಾಪೆಯ ಮೇಲೆ ಹಲಸಿನ ಹಪ್ಪಳ ಒಣಗುತ್ತಿತ್ತು. ಕಾಗೆ ಓಡಿಸುವುದು ನನ್ನ ಕೆಲಸ. ನಾನು ಐದನೇ ಕ್ಲಾಸು ಮುಗಿಸಿದ ವರ್ಷ ಮಾತ್ರ ಜಗಲಿಯ ಮಂಚದಲ್ಲಿ ಹಗಲಿಡೀ ಅಪ್ಪನೂ ಇದ್ದ. ಬಲಗಾಲಿಗೆ ತೊಡೆಯ ತನಕ ಪ್ಲಾಸ್ಟರ್.

ಅಪ್ಪ ಬಾಡಿಗೆಗೆ ಜೀಪು ಓಡಿಸುತ್ತಿದ್ದ. ಗುಡ್ಡದ ಮನೆಗಳಿಗೆ ಜನ, ಸಾಮಾನು ಮುಟ್ಟಿಸುವ ಕೆಲಸ. ಆ ವರ್ಷ ಒಂದು ತಿರುವಿನಲ್ಲಿ ಜೀಪು ಮಗುಚಿತು. ಜೀಪಿನಲ್ಲಿ ಬೇರೆ ಯಾರೂ ಇರಲಿಲ್ಲ ಎಂಬುದು ಪುಣ್ಯ. ಬ್ರೇಕ್ ಹೋಯಿತಂತೆ ಎಂದು ಪೇಟೆಯವರೆಲ್ಲ ಹೇಳಿದರು. ಅಪ್ಪನ ಎದುರು ಆ ಮಾತೆತ್ತಿದರೆ ಅವನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಇನ್ನು ಸ್ಟಿಯರಿಂಗ್ ಮುಟ್ಟುವುದಿಲ್ಲ ಎಂದೂ ಅವ್ವನಿಗೆ ಹೇಳಿದ್ದ.

ಅವನನ್ನು ನೋಡಲು ಬಂದ ಪುತ್ತೂರಿನ ಅತ್ತೆ ನನಗೊಂದು ರಿಮೋಟಿನ ಟ್ರಕ್ಕು ತಂದಿದ್ದರು. ಕೇಸರಿ ಬಣ್ಣ, ಒಂದೊಂದು ಚಕ್ರವೂ ನನ್ನ ಅಂಗೈಯಷ್ಟು. ಮೊದಲ ದಿನವೇ ಅದು ಹಪ್ಪಳದ ಚಾಪೆಗೆ ಹತ್ತಿ, ಅವ್ವನ ಕೈಯಲ್ಲಿ ನನಗೆ ಸಮಾ ಬೈಗುಳ ಸಿಕ್ಕಿತು. ಆದರೆ ನನ್ನ ಚಿಂತೆ ಬೇರೆ. ನೇರ ಹೋದರೆ ಚಂದ ಹೋಗುತ್ತದೆ, ತಿರುಗಿಸಿದ ಕೂಡಲೇ ದೊಪ್ಪನೆ ಮಗುಚಿ, ನಾಲ್ಕು ಚಕ್ರ ಮೇಲೆ ಮಾಡಿ ಗಿರಗಿರ ತಿರುಗುತ್ತದೆ. ನಿಧಾನ ಬಿಟ್ಟು ನೋಡಿದೆ. ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ. ಅಂಗಳ ಗುಡಿಸಿ ನೋಡಿದೆ. ಎಲ್ಲದಕ್ಕೂ ದೊಪ್ಪ.

"ಅಪ್ಪಾ, ಇದು ಯಾಕೆ ಬೀಳುದು?"

ನಮ್ಮ ಮನೆಯ ಮಾತು ಅರೆಭಾಷೆ, ಸುಳ್ಯ ಕಡೆಯ ಆಡುಮಾತು. ಎಲ್ಲರಿಗೂ ತಿಳಿಯಲಿ ಎಂದು ಇಲ್ಲಿ ಸ್ವಲ್ಪ ಬದಲಿಸಿ ಬರೆಯುತ್ತಿದ್ದೇನೆ.

ಅಪ್ಪ ಮೊದಲ ಎರಡು ದಿನ ಉತ್ತರ ಕೊಡಲಿಲ್ಲ. ಮೂರನೆಯ ದಿನ ನನ್ನ ಕಾಟ ತಡೆಯದೆ ಹೇಳಿದ: "ಇಲ್ಲಿ ಬಾ. ಎರಡು ಕಾಲೂ ಜೋಡಿಸಿ ನಿಲ್ಲು."

ನಿಂತೆ. ಅವನು ಮಲಗಿದಲ್ಲಿಂದಲೇ ಊರುಗೋಲಿನ ತುದಿಯಿಂದ ನನ್ನ ಭುಜವನ್ನು ಮೆಲ್ಲ ದೂಡಿದ. ನಾನು ವಾಲಿ ಗೋಡೆ ಹಿಡಿದೆ.

"ಈಗ ಕಾಲು ಅಗಲ ಮಾಡಿ ನಿಲ್ಲು."

ಮತ್ತೆ ದೂಡಿದ. ಅಲುಗಲಿಲ್ಲ.

"ಅಷ್ಟೇ ಮಾರಾಯ್ತಿ. ನಿನ್ನ ಟ್ರಕ್ಕಿಗೆ ಎತ್ತರ ಜಾಸ್ತಿ, ಅಗಲ ಸಾಲದು."

ಅಪಘಾತ ಆದ ಮೇಲೆ ಅವನ ಮುಖದಲ್ಲಿ ನಗೆ ಕಂಡದ್ದು ಅದೇ ಮೊದಲು. ನನಗೆ ಅಷ್ಟು ಸಾಕಾಯಿತು. ಚಕ್ರಗಳನ್ನು ಹೊರಗೆ ತಳ್ಳುವುದು ಹೇಗೆ ಎಂದು ಅವನ ಬೆನ್ನು ಹತ್ತಿದೆ.

ಚಕ್ರ ಬಿಚ್ಚಿದೆವು. ಅದು ಕೂರುವ ಆಕ್ಸಿಲಿನ ತುದಿ ನಟ್ಟಿನ ಹಾಗೆ ಆರು ಮೂಲೆಯದು. ಚಕ್ರದ ಒಳಗೂ ಅದೇ ಅಳತೆಯ ಆರು ಮೂಲೆಯ ಗುಂಡಿ. ನಾನು ಬುದ್ಧಿವಂತಿಕೆ ಮಾಡಿ ನಡುವೆ ನಾಲ್ಕು ವಾಷರ್ ಇಟ್ಟು, ಉದ್ದದ ಸ್ಕ್ರೂ ಹಾಕಿ ಬಿಗಿದೆ. ಅಗಲವೇನೋ ಆಯಿತು. ರಿಮೋಟ್ ಒತ್ತಿದರೆ ಮೋಟಾರು ಗುರ್ರ್ ಅನ್ನುತ್ತದೆ, ಟ್ರಕ್ಕು ಮಾತ್ರ ಇದ್ದಲ್ಲೇ ಉಂಟು.

"ಚಕ್ರದ ಗುಂಡಿಗೆ ಆ ಮೂಲೆ ಸಿಕ್ಕಬೇಕಲ್ಲ. ಸಿಕ್ಕದೆ ಹೇಗೆ ತಿರುಗುದು?" ಎಂದ ಅಪ್ಪ. ಮಧ್ಯಾಹ್ನವಿಡೀ ಮಾಡಿನ ಹಂಚು ನೋಡುತ್ತಾ ಮಲಗಿದ್ದವನು ಗಂಜಿ ಉಣ್ಣುವ ಹೊತ್ತಿಗೆ ಫಕ್ಕನೆ ಕೇಳಿದ: "ನೀರಿನ ಪೈಪಿನ ತುಂಡು ಎಲ್ಲುಂಟು?"

ನಮ್ಮಲ್ಲಿ ಪೈಪಿಗೆ ಪೈಪು ಜೋಡಿಸುವಾಗ ಒಂದರ ಬಾಯಿ ಬಿಸಿ ಮಾಡಿ, ಮೆತ್ತಗಾದಾಗ ಇನ್ನೊಂದನ್ನು ಒಳಗೆ ನುಗ್ಗಿಸುತ್ತಾರೆ. ಅದೇ ಉಪಾಯ. ಹೆಬ್ಬೆರಳು ದಪ್ಪದ ಪೈಪಿನಿಂದ ನಾಲ್ಕು ಗಿಡ್ಡ ತುಂಡು ಕತ್ತರಿಸಿದೆವು. ಬಿಸಿ ಮಾಡಿ ಆಕ್ಸಿಲಿನ ತುದಿಗೆ ಒತ್ತಿದಾಗ ದುಂಡು ಪೈಪಿನ ಒಳಮೈ ಆರು ಮೂಲೆಯದಾಯಿತು! ಪೈಪಿನ ಇನ್ನೊಂದು ಬಾಯಿಗೆ ಅದೇ ಗಾತ್ರದ ನಟ್ಟು, ಅರ್ಧ ಒಳಗೆ, ಅರ್ಧ ಹೊರಗೆ. ಹೊರಗಿನ ಅರ್ಧ ಚಕ್ರದ ಗುಂಡಿಗೆ ಸರಿಯಾಗಿ ಕೂತಿತು. ಎಲ್ಲವನ್ನೂ ಹಿಡಿದುಕೊಳ್ಳಲು ನಡುವಿನಿಂದ ಉದ್ದದ ಸ್ಕ್ರೂ.

ಅಡುಗೆಮನೆಯಿಡೀ ಸುಟ್ಟ ಪ್ಲಾಸ್ಟಿಕ್ಕಿನ ಘಾಟು. "ಅನ್ನ ಬೇಯುವ ಒಲೆಯಲ್ಲಿ ಎಂತ ಸುಡುದು ನೀವಿಬ್ಬರು?" ಎಂದು ಅವ್ವ ಸೌಟು ಹಿಡಿದು ಬಂದಳು. ಮಂಚ ಬಿಟ್ಟು, ಒಂದು ಕಾಲಿನಲ್ಲಿ ಕುಂಟುತ್ತಾ ಒಲೆಯ ತನಕ ಬಂದಿದ್ದ ಅಪ್ಪನನ್ನು ಕಂಡು ಅಲ್ಲೇ ನಿಂತಳು. ಮತ್ತೆ ಬೈಯಲಿಲ್ಲ.

ಟ್ರಕ್ಕು ಈಗ ಏಡಿಯ ಹಾಗೆ ಅಗಲವಾಗಿ ನೆಲಕ್ಕೆ ಕಚ್ಚಿ ನಿಂತಿತು. ತುಳಸಿಕಟ್ಟೆಗೆ ಸುತ್ತು ಬಂತು, ಮಗುಚಲಿಲ್ಲ. ಜೋರು ಬಿಟ್ಟೆ, ಮಗುಚಲಿಲ್ಲ. ಅಪ್ಪ ಮಕ್ಕಳ ಹಾಗೆ ರಿಮೋಟ್ ಕಸಿದುಕೊಂಡು ತಾನೇ ಓಡಿಸಿದ.

ಹೇಗೆ ಮಾಡಿದರೆ ಬೀಳುತ್ತದೆ ಎಂದು ನೋಡದೆ ನನಗೆ ಸಮಾಧಾನವಿರಲಿಲ್ಲ. ಮರುದಿನ ಟ್ರಕ್ಕಿನ ತಲೆಯ ಮೇಲೆ ಹಗ್ಗದಿಂದ ಒಂದು ಕಲ್ಲು ಕಟ್ಟಿ ತಿರುಗಿಸಿದೆ. ದೊಪ್ಪ! ಅದೇ ಕಲ್ಲನ್ನು ಕೆಳಗೆ, ಹೊಟ್ಟೆಗೆ ಕಟ್ಟಿದೆ. ಬೀಳಲಿಲ್ಲ. ಖುಷಿಯಲ್ಲಿ ಜಗಲಿಗೆ ಓಡಿದೆ.

"ಅಪ್ಪಾ, ಅಗಲ ಮಾಡಿದರೂ ಮೇಲೆ ಭಾರ ಇಟ್ಟರೆ ಬೀಳ್ತದೆ! ಅವತ್ತು ಜೀಪಿನ ಮೇಲೆ ಎಂತ ಇತ್ತು?"

ಕೇಳಿದ್ದು ಬರೀ ಕುತೂಹಲಕ್ಕೆ. ಅಪ್ಪ ಗೋಡೆಯ ಕಡೆ ತಿರುಗಲಿಲ್ಲ. ಮಂಚದಲ್ಲಿ ಎದ್ದು ಕೂತ.

"ಪಶು ಆಹಾರದ ಚೀಲ," ಎಂದ. "ಒಳಗೆ ತುಂಬಿ ಜಾಗ ಸಾಲದೆ ಎಂಟು ಚೀಲ ಮೇಲೆ ಕ್ಯಾರಿಯರಿಗೆ ಹಾಕಿದ್ದೆ. ಎರಡು ಸಲ ಹೋಗುದು ಯಾಕೆ ಅಂತ."

"ಮತ್ತೆ ಬ್ರೇಕ್?"

"ಬ್ರೇಕ್ ಸರಿ ಇತ್ತು ಮಗಾ."

ಬಾಗಿಲಲ್ಲಿ ಅವ್ವ ನಿಂತಿದ್ದಳು. ಆ ಮಾತಿನ ಭಾರ ನನಗೆ ತಿಳಿದದ್ದು ಅವಳ ಮುಖ ನೋಡಿ. ಜೀಪಿನ ಬ್ರೇಕ್ ರಿಪೇರಿ ಮಾಡಿದ್ದು ಸುಳ್ಯ ರಸ್ತೆಯ ಗ್ಯಾರೇಜಿನ ಉಸ್ಮಾನ್ ಕಾಕ. ಅಪಘಾತದ ಹಿಂದಿನ ವಾರವಷ್ಟೇ. ಆಮೇಲೆ ಜೀಪಿನವರು ಯಾರೂ ಅವರಲ್ಲಿಗೆ ಹೋಗುತ್ತಿರಲಿಲ್ಲ. ಜನ ಹಾಗೆ ಹೇಳಿದಾಗ ಅಪ್ಪ ಹೌದು ಎಂದಿರಲಿಲ್ಲ, ಅಲ್ಲ ಎಂದೂ ಹೇಳಿರಲಿಲ್ಲ.

ಪ್ಲಾಸ್ಟರ್ ತೆಗೆಸಿದ ದಿನ ಸುಳ್ಯದ ಆಸ್ಪತ್ರೆಯಿಂದ ಬರುವಾಗ ಅಪ್ಪ ರಿಕ್ಷಾವನ್ನು ಗ್ಯಾರೇಜಿನ ಎದುರು ನಿಲ್ಲಿಸಿದ. ನಾನೂ ಇದ್ದೆ. ಖಾಲಿ ಶೆಡ್ಡಿನಲ್ಲಿ ಉಸ್ಮಾನ್ ಕಾಕ ಒಬ್ಬರೇ ಕುಳಿತು ಸ್ಪ್ಯಾನರ್ ಒರೆಸುತ್ತಿದ್ದರು. ಊರುಗೋಲು ಊರಿ ನಿಂತೇ ಅಪ್ಪ ಎಲ್ಲ ಹೇಳಿದ.

"ನನಗೆ ಗೊತ್ತಿತ್ತು ದೇವಪ್ಪ," ಎಂದರು ಅವರು. "ಜೀಪು ಎತ್ತಿದ ದಿನವೇ ಬ್ರೇಕ್ ಬಿಚ್ಚಿ ನೋಡಿದ್ದೆ."

"ಮತ್ತೆ ನೀವು ಯಾಕೆ ಯಾರಿಗೂ ಹೇಳಲಿಲ್ಲ?"

"ನಾನು ಹೇಳಿದರೆ ಯಾರು ನಂಬುದು? ನೀನು ಹೇಳಬೇಕಿತ್ತು."

ಅಪ್ಪ ತಲೆ ತಗ್ಗಿಸಿದ. ಕಾಕ ಚಹಾ ಕುಡಿಯಿರಿ ಎನ್ನಲಿಲ್ಲ. ನಾವು ಅಲ್ಲಿಂದ ಜೀಪು ಸ್ಟ್ಯಾಂಡಿಗೆ ಹೋದೆವು. ಐದಾರು ಡ್ರೈವರುಗಳು ಬೋನೆಟ್ಟಿಗೆ ಒರಗಿ ಹರಟುತ್ತಿದ್ದರು. "ತಪ್ಪು ನನ್ನದು, ಓವರ್‌ಲೋಡ್ ಮಾಡಿದ್ದೆ. ಉಸ್ಮಾನ್ ಕಾಕನ ಕೆಲಸದಲ್ಲಿ ಎಂತದೂ ದೋಷ ಇರ್ಲಿಲ್ಲ" ಎಂದು ಅಪ್ಪ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಒಬ್ಬ ನಕ್ಕ. ಉಳಿದವರು ಬೋನೆಟ್ಟು ಬಿಟ್ಟು ನೆಟ್ಟಗೆ ನಿಂತರು. ನಾನು ಅಪ್ಪನ ಕೈ ಹಿಡಿದುಕೊಂಡೆ.

ಕಾಕನ ಶೆಡ್ಡಿಗೆ ಜೀಪುಗಳು ಒಂದೊಂದಾಗಿ ವಾಪಸು ಬಂದವು. ಮೊದಲು ಹೋದದ್ದು ನಮ್ಮದೇ, ರಿಪೇರಿಗೆ. ಆ ವರ್ಷದ ದೀಪಾವಳಿಗೆ ಅಪ್ಪ ಮತ್ತೆ ಸ್ಟಿಯರಿಂಗ್ ಹಿಡಿದ. ಕ್ಯಾರಿಯರನ್ನು ಬಿಚ್ಚಿಸಿ ಗುಜರಿಗೆ ಹಾಕಿದ್ದ.

ನಾನೀಗ ಕಡಬದ ಹತ್ತಿರ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ವಸ್ತು ಯಾಕೆ ಮಗುಚುತ್ತದೆ ಎಂಬುದನ್ನು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಬಲ್ಲೆ. ಆದರೆ ಆ ಹುಡುಗಿ ಜಗಲಿಗೆ ಓಡಿ ಬಂದು ಕೇಳಿದಂಥ ಪ್ರಶ್ನೆಯನ್ನು ಈಗ ಯಾರಿಗೂ ಕೇಳಲಾರೆ. ಎದುರಿನವರಿಗೆ ನೋವಾದೀತು, ಸಂಬಂಧ ಕೆಟ್ಟೀತು ಎಂದು ಮೊದಲೇ ಲೆಕ್ಕ ಹಾಕುತ್ತೇನೆ. ಸ್ಟಾಫ್ ರೂಮಿನಲ್ಲಿ ಒಬ್ಬರ ತಪ್ಪು ಇನ್ನೊಬ್ಬರ ತಲೆಗೆ ಬೀಳುವುದನ್ನು ಕಂಡಿದ್ದೇನೆ. ಗೊತ್ತಿದ್ದೂ ಪುಸ್ತಕದ ಪುಟ ತಿರುಗಿಸಿದ್ದೇನೆ. ಹತ್ತು ವರ್ಷದವಳಾಗಿದ್ದಾಗ ನನಗೆ ಏನೂ ಗೊತ್ತಿರಲಿಲ್ಲ, ಅದಕ್ಕೇ ಕೇಳಿದೆ. ಈಗ ಎಲ್ಲ ಗೊತ್ತಾಗುತ್ತದೆ, ಬಾಯಿ ಬರುವುದಿಲ್ಲ.