ಕೊನೆಯ ಲಾರಿಯಲ್ಲಿ ಹೋದ ಬಾಯ್ಲರು

ಲಂಡನ್ನಿನ ಗ್ರೀನ್‌ಫರ್ಡ್‌ನಲ್ಲಿ ಒಂದು ಗೋದಾಮಿನ ಮೇಲಿದ್ದ ಆಫೀಸಿನಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದೆ. ಕೆನಡಾದ ಉತ್ತರದಲ್ಲಿ ನಮ್ಮ ಕಂಪನಿ ಚಿನ್ನದ ಗಣಿಯೊಂದನ್ನು ಕಟ್ಟುತ್ತಿತ್ತು. ಅಲ್ಲಿಗೆ ಸಾಮಾನು ಕಳಿಸುವುದು ನನ್ನ ಕೆಲಸ. ಆ ಜಾಗವನ್ನು ನಾನು ಕಣ್ಣಾರೆ ನೋಡಿಲ್ಲ. ಅಲ್ಲಿಗೆ ಕಾಯಂ ರಸ್ತೆಯಿಲ್ಲ. ಚಳಿಗಾಲದಲ್ಲಿ ಸರೋವರಗಳು ಹೆಪ್ಪುಗಟ್ಟಿದಾಗ ಅವುಗಳ ಮೇಲೇ ಲಾರಿ ಓಡಿಸುತ್ತಾರೆ. ಮಂಜುಗಡ್ಡೆ ಕರಗಿತೆಂದರೆ ಸಣ್ಣ ವಿಮಾನವೇ ಗತಿ; ಭಾರದ ಸಾಮಾನು ಅದರಲ್ಲಿ ಹೋಗುವುದಿಲ್ಲ.

ಒಂದು ವರ್ಷ ಬಿಸಿಲು ಬೇಗ ಏರಿತು. ಇನ್ನೊಂದೇ ಲಾರಿ ದಾಟಬಹುದು ಎಂದು ಅಲ್ಲಿಂದ ಸುದ್ದಿ ಬಂತು. ಈಚೆ ದಡದಲ್ಲಿ ಎರಡು ಸಾಮಾನು ಉಳಿದಿದ್ದವು: ಕಲ್ಲು ಪುಡಿ ಮಾಡುವ ಯಂತ್ರದ ಮೋಟಾರು, ಮತ್ತು ಕೆಲಸಗಾರರ ವಸತಿಯನ್ನು ಬೆಚ್ಚಗಿಡುವ ಹೊಸ ಬಾಯ್ಲರು.

"ಮೋಟಾರು ಕಳಿಸು. ಅದಿಲ್ಲದೆ ಗಣಿ ಶುರುವಾಗಲ್ಲ" ಎಂದರು ನಮ್ಮ ಡೈರೆಕ್ಟರು.

ಗಣಿಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ನಾನು ಅವರೆದುರೇ ಫೋನ್ ಮಾಡಿ, ಸ್ಪೀಕರ್ ಹಾಕಿದೆ.

"ಹಳೇ ಬಾಯ್ಲರು ಆಗಲೇ ಎರಡು ಸಲ ಕೆಟ್ಟಿದೆ. ಬರೋ ಚಳಿಗಾಲ ತಡೆಯಲ್ಲ. ಕೆಟ್ಟರೆ ಇಲ್ಲಿ ಯಾರೂ ಇರಲ್ಲ, ನಾನೂ ಇರಲ್ಲ" ಎಂದಳು ಆಕೆ. ದನಿಯಲ್ಲಿ ಬೆದರಿಕೆಯಿರಲಿಲ್ಲ. ಹವಾಮಾನ ಹೇಳಿದಂತೆ ಹೇಳಿದಳು.

ಡೈರೆಕ್ಟರು ನನ್ನ ಕಡೆ ತಿರುಗಿದರು. "ನೀನೇನಂತೀಯ?"

"ಬಾಯ್ಲರು."

"ಸರಿ. ಬೋರ್ಡಿನವರಿಗೂ ನೀನೇ ಹೇಳು."

ಹೇಳಿದೆ. ಅವರಿಗೆ ಹಿಡಿಸಲಿಲ್ಲ. ಅಷ್ಟು ಹೊತ್ತಿಗೆ ಬಾಯ್ಲರು ಹೊತ್ತ ಲಾರಿ ಆಚೆ ದಡ ಸೇರಿತ್ತು, ರಸ್ತೆ ಮುಚ್ಚಿತ್ತು. ಗಣಿ ಶುರುವಾಗುವುದು ಒಂದು ವರ್ಷ ಮುಂದೆ ಹೋಯಿತು. ಬೇಸಿಗೆಯಲ್ಲಿ ನನ್ನ ಹುದ್ದೆಯನ್ನೇ ತೆಗೆದುಹಾಕಿದರು.

"ನಿನಗ್ಯಾಕ ಬೇಕಿತ್ತು ಅದು?" ಎಂದರು ಧಾರವಾಡದವರಾದ ನನ್ನ ಗಂಡ, ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ಶೂ ಬಿಚ್ಚುತ್ತಾ. ನಾನು ಊಟಕ್ಕೆ ತಟ್ಟೆ ಇಟ್ಟೆ.

ಮುಂದಿನ ಚಳಿಗಾಲದ ನಡುವೆ ಹಳೇ ಬಾಯ್ಲರು ಪೂರ್ತಿ ಕೆಟ್ಟಿತಂತೆ. ಹೊಸದನ್ನು ಅಷ್ಟರಲ್ಲಿ ಅದರ ಪಕ್ಕದಲ್ಲೇ ಜೋಡಿಸಿಟ್ಟಿದ್ದರು. ಅದೇ ಚಳಿಗಾಲದ ರಸ್ತೆಯಲ್ಲಿ ಮೋಟಾರೂ ಹೋಯಿತು.

ಇದನ್ನೆಲ್ಲ ಆ ಹೆಂಗಸೇ ಹೇಳಿದಳು. ರಜೆಯಲ್ಲಿ ಲಂಡನ್ನಿಗೆ ಬಂದವಳು ನನ್ನನ್ನು ಹುಡುಕಿ ಫೋನ್ ಮಾಡಿದ್ದಳು. ರೇನರ್ಸ್ ಲೇನಿನ ಹೋಟೆಲಿನಲ್ಲಿ ಇಬ್ಬರೂ ದೋಸೆ ತಿಂದೆವು. ನಾನು ಎಣಿಸಿದ್ದಕ್ಕಿಂತ ಕುಳ್ಳಗಿದ್ದಳು.

"ಅಲ್ಲಿ ಹೇಗಿದೆ?" ಎಂದೆ.

"ಈಗ ರೂಮುಗಳು ಬೆಚ್ಚಗಿವೆ" ಎಂದು, ಇನ್ನೊಂದು ದೋಸೆ ತರಿಸಿಕೊಂಡಳು.