ಸ್ಪೇನಿನಿಂದ ಸೈಕಲ್ ಮೇಲೆ ಬಂದವಳು

ತಡಸದ ಬಳಿಯ ಏರಿನಲ್ಲಿ ಬಿಳಿ ಹೆಂಗಸೊಬ್ಬಳು ಗಂಟುಮೂಟೆ ಕಟ್ಟಿದ ಸೈಕಲ್ ತುಳಿಯುತ್ತ ಬಂದಾಗ, ಹೊಲದಲ್ಲಿ ಕಳೆ ಕೀಳುತ್ತಿದ್ದ ನಾನೂ ಅವ್ವನೂ ರಸ್ತೆಗೆ ಓಡಿದೆವು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಆಕೆ ಎದೆ ಮುಟ್ಟಿಕೊಂಡು ‘ಸ್ಪೇನ್’ ಎಂದಳು. ಮುಂದಿನ ದಾರಿ ತೋರಿಸಿ ‘ಹಾನಗಲ್’ ಎಂದಳು.

“ಒಬ್ಬಾಕೀನ ಹೊಂಟೀ ಏನವ್ವಾ? ಅಂಜಿಕಿ ಬರೂದಿಲ್ಲೇನು?” ಎಂದು ಅವ್ವ ಕೇಳಿದಳು. ಮಾತು ತಿಳಿಯದಿದ್ದರೂ ಆಕೆ ನಕ್ಕಳು. ಅವ್ವ ಕೊಟ್ಟ ರೊಟ್ಟಿ ತಿಂದು, ಸದ್ದಿಲ್ಲದ ಆ ದಾರಿಯಲ್ಲಿ ನಿಶ್ಚಿಂತೆಯಿಂದ ಹೊರಟುಹೋದಳು.

ಹೈಸ್ಕೂಲು ದೂರ, ಹೆಣ್ಣುಹುಡುಗಿಗೆ ಒಂಟಿ ದಾರಿ ಎಂದು ನನ್ನನ್ನು ಏಳನೆಯ ತರಗತಿಗೇ ಶಾಲೆ ಬಿಡಿಸಿದ್ದ ಅವ್ವ, ಆಕೆ ಮರೆಯಾಗುವವರೆಗೂ ನೋಡುತ್ತ ನಿಂತಿದ್ದಳು. ಆಮೇಲೆ ನನ್ನತ್ತ ತಿರುಗಿ, “ಅಣ್ಣನ ಸೈಕಲ್ ಕಲಿ. ನೀನೂ ಸಾಲಿಗೆ ಹೋಗು” ಎಂದಳು.

ಆಕೆಯ ಹೆಸರನ್ನು ನಾವು ಕೇಳಲೇ ಇಲ್ಲ. ಆದರೂ ನಿನ್ನನ್ನು ಓದಿಸಿದವರು ಯಾರೆಂದು ಯಾರಾದರೂ ಕೇಳಿದರೆ, ಅವ್ವನ ಜೊತೆಗೆ ಆಕೆಯನ್ನೂ ನೆನೆಯುತ್ತೇನೆ.