ಹೊಟ್ಟಿನ ಒಲೆಯ ದೊಡ್ಡವ್ವ

ಪಾಠ ಮುಗಿಸಿ ಶಾಲೆಯಿಂದ ಬಂದು ಬೀಗ ತೆಗೆದರೆ ಹುರುಳಿಕಾಳು ಬೆಂದ ವಾಸನೆ ಬಾಗಿಲವರೆಗೂ ಬಂದು ನಿಂತಿತ್ತು. ಬೆಳಗ್ಗೆ ಹೊರಡುವ ಮುಂಚೆ ನೆನೆಸಿದ ಕಾಳು, ಈರುಳ್ಳಿ, ಬೆಳ್ಳುಳ್ಳಿ, ಹೆಚ್ಚಿದ ಬದನೆಕಾಯಿ ಎಲ್ಲವನ್ನೂ ಸ್ಲೋ ಕುಕ್ಕರಿಗೆ ಹಾಕಿ, ನೀರು ಸುರಿದು, ಗುಂಡಿ ತಿರುಗಿಸಿ ಹೋಗಿದ್ದೆ. ಇಡೀ ದಿನ ಸಣ್ಣ ಬಿಸಿಯಲ್ಲಿ ತಾನೇ ಬೇಯಿಸುವ ಕರೆಂಟಿನ ಪಾತ್ರೆ ಅದು, ನನ್ನ ತಮ್ಮ ಹೋದ ವಾರ ತಂದುಕೊಟ್ಟದ್ದು. ಅದರ ಪೆಟ್ಟಿಗೆಯ ಮೇಲೆ ಯಾವುದೋ ದೇಶದ ಊಟದ ಚಿತ್ರವಿತ್ತು. ನಾನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರೆ ತಮ್ಮ ನಕ್ಕ. "ಏನು ನೋಡ್ತಿ ಅಕ್ಕಾ, ಇದ್ರಾಗೆ ಹೊಸದೇನೈತಿ? ನಮ್ಮ ಹೊಟ್ಟಿನ ಒಲೆಗೆ ವೈರು ಹಾಕ್ಯಾರೆ, ಅಷ್ಟೇ" ಅಂದ.

ಮುಚ್ಚಳ ತೆಗೆದೆ. ಆವಿ ಮುಖಕ್ಕೆ ಹೊಡೆಯಿತು. ಕಾಳು ಬೆರಳಿಗೆ ಸಿಕ್ಕರೆ ಕರಗುವಷ್ಟು ಬೆಂದಿತ್ತು. ಎಲ್ಲ ಸರಿಯಾಗಿತ್ತು, ಹೊಗೆಯ ವಾಸನೆಯೊಂದು ಇರಲಿಲ್ಲ. ಭತ್ತದ ಹೊಟ್ಟು ಒಳಗೊಳಗೇ ಕೆಂಡವಾಗುವಾಗ ಬರುತ್ತಿದ್ದ, ಗಂಟಲಲ್ಲಿ ಸ್ವಲ್ಪ ಕೆರೆಯುವ ಆ ಹೊಗೆ... ಅದನ್ನು ನೆನೆಯುತ್ತ ಸೌಟು ಹಿಡಿದು ಹಾಗೇ ನಿಂತುಬಿಟ್ಟೆ. ಹಿತ್ತಲ ಬೇಲಿಯಾಚೆಯ ದೊಡ್ಡವ್ವ ಕಣ್ಣ ಮುಂದೆ ಬಂದಳು.

ನಮ್ಮದು ಶಿಕಾರಿಪುರ ತಾಲ್ಲೂಕಿನಲ್ಲಿ, ತೊಗರ್ಸಿಯ ಆಚೆಗಿನ ಸಣ್ಣ ಊರು. ದೊಡ್ಡವ್ವ ರಕ್ತಸಂಬಂಧಿಯಲ್ಲ. ನಮ್ಮ ಹಿತ್ತಲಿಗೂ ಆಕೆಯ ಹಿತ್ತಲಿಗೂ ನಡುವೆ ಕಳ್ಳಿಬೇಲಿಯೊಂದಿತ್ತು, ಅದೇ ಸಂಬಂಧ. ಗಂಡ ಬೇಗ ತೀರಿಕೊಂಡಿದ್ದ. ಒಬ್ಬಳೇ ಮಗಳು, ಅವಳನ್ನು ಗುಡವಿಯ ಕಡೆ ಮದುವೆ ಮಾಡಿಕೊಟ್ಟಿದ್ದಳು. ಬಹಳ ವರ್ಷ ಅಕ್ಕಿ ಗಿರಣಿಯಲ್ಲಿ ಕೇರುವ ಕೆಲಸ ಮಾಡಿ, ಸೊಂಟ ಹಿಡಿದ ಮೇಲೆ ಬಿಟ್ಟು ಮನೆಯಲ್ಲಿದ್ದಳು. ಗಿರಣಿಯ ಕೆಲಸ ಬಿಟ್ಟರೂ ಗಿರಣಿಯ ಹೊಟ್ಟು ಬಿಟ್ಟಿರಲಿಲ್ಲ. ಆಕೆಯ ಮನೆಯ ಹಿಂದೆ ಹೊಟ್ಟಿನ ಚೀಲಗಳು ಯಾವಾಗಲೂ ಗೋಡೆಗೆ ಒರಗಿ ಕೂತಿರುತ್ತಿದ್ದವು.

ಪಿಯುಸಿವರೆಗೆ ನಾನು ಓದಿದ್ದು ಪಕ್ಕದ ಊರಿನಲ್ಲೇ. ಮಧ್ಯಾಹ್ನ ಬಿಡುವು ಕೊಟ್ಟಾಗ ಓಡಿಬಂದು ಒಲೆ ಹಚ್ಚಿ ಸಾರು ಮಾಡಿಟ್ಟು ಮತ್ತೆ ಓಡುತ್ತಿದ್ದೆ. ಅವ್ವ ನಸುಕಿನಲ್ಲಿ ರೊಟ್ಟಿ ಬಡಿದಿಟ್ಟು ಅಪ್ಪನ ಜೊತೆ ಹೊಲಕ್ಕೆ ಹೋದರೆ ಇಬ್ಬರೂ ಬರುವುದು ನೆತ್ತಿ ಸುಡುವ ಹೊತ್ತಿಗೆ. ಬಂದು ಒಲೆ ಹಚ್ಚಿ ಕಾಳು ಬೇಯಿಸುತ್ತ ಕೂತರೆ ಮತ್ತೆ ಹೊಲಕ್ಕೆ ಹೋಗುವ ಹೊತ್ತೇ ದಾಟಿಹೋಗುತ್ತಿತ್ತು. ಮನೆಯಲ್ಲಿದ್ದವಳು ಅಜ್ಜಿ, ಅಪ್ಪನ ತಾಯಿ. ಅವಳಿಗೆ ಎರಡೂ ಕಣ್ಣು ಮಂಜಾಗಿ, ಬಿಸಿಲು ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ತಮ್ಮ ಇನ್ನೂ ಚಿಕ್ಕವನು. ಹಾಗಾಗಿ ಮಧ್ಯಾಹ್ನದ ಬಿಸಿ ಊಟ ನನ್ನ ಕೆಲಸ.

ಡಿಗ್ರಿ ಎಂದರೆ ಶಿಕಾರಿಪುರಕ್ಕೆ ಹೋಗಬೇಕು. ಬೆಳಗಿನ ಬಸ್ಸಿಗೆ ಹೋದರೆ ಬರುವುದು ಹೊತ್ತು ಇಳಿದ ಮೇಲೆ. ನನಗಿಂತ ಮುಂಚೆ ನಮ್ಮ ಮನೆಯಲ್ಲಿ ಯಾರೂ ಹತ್ತನೇ ಕ್ಲಾಸು ದಾಟಿದವರಲ್ಲ. ಅಪ್ಪನಿಗೆ ನಾನು ಓದುವುದು ಬೇಡವೆಂದೇನೂ ಇರಲಿಲ್ಲ. ಆದರೆ "ನೀ ಹೋದ್ರೆ ಇಲ್ಲಿ ಒಲೆ ಹಚ್ಚೋರ್ಯಾರು?" ಎಂಬ ಮಾತಿಗೆ ಬಂದು ಎಲ್ಲ ನಿಂತುಬಿಡುತ್ತಿತ್ತು. ಇಷ್ಟು ಅಂಕ ಬಂದಿದೆ, ಮೇಷ್ಟ್ರು ಸೇರಿಸಿ ಅಂದಿದ್ದಾರೆ ಎಂದೆಲ್ಲ ನಾನು ಹೇಳುತ್ತಿದ್ದೆ. ಅಪ್ಪ ತಲೆ ತಗ್ಗಿಸಿ ಬೀಡಿ ಸೇದುತ್ತಿದ್ದ. ಕಾಲೇಜಿಗೆ ಸೇರಲು ಕೊನೆಯ ವಾರ ಬಂದಿತ್ತು.

ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಅಳುತ್ತಿದ್ದ ನನ್ನನ್ನು ದೊಡ್ಡವ್ವ ಬೇಲಿಯ ಸಂದಿನಿಂದ ನೋಡಿದ್ದಳು. "ಯಾಕಲೇ, ಬೂದಿ ಸಾಲ್ದು ಅಂತ ಕಣ್ಣೀರು ಹಾಕಿ ತಿಕ್ತಿಯಾ?" ಎಂದು ಕರೆದಳು. ಹೇಳಿದೆ. ಪೂರ್ತಿ ಕೇಳಿದ ಮೇಲೆ ಆಕೆ ಒಳಗೆ ಹೋಗಿ ಒಂದು ಹಳೆಯ ಎಣ್ಣೆ ಡಬ್ಬ ತಂದಳು. ಅದರ ಬುಡದ ಹತ್ತಿರ ಪಕ್ಕಕ್ಕೆ ಒಂದು ತೂತು ಕೊರೆದಿತ್ತು. ಡಬ್ಬದ ನಡುವೆ ಒನಕೆಯ ತುಂಡೊಂದನ್ನು ನೆಟ್ಟಗೆ ನಿಲ್ಲಿಸಿ, ಪಕ್ಕದ ತೂತಿನಿಂದ ಒಂದು ಕೋಲು ತೂರಿಸಿ, ಸುತ್ತ ಹೊಟ್ಟು ತುಂಬಿ ಗುದ್ದಿ ಗುದ್ದಿ ಗಟ್ಟಿ ಮಾಡಬೇಕು. ಆಮೇಲೆ ಒನಕೆ, ಕೋಲು ಎರಡನ್ನೂ ಎಳೆದು ತೆಗೆದರೆ ನಡುವೆ ಗಾಳಿಯ ದಾರಿ ಉಳಿಯುತ್ತದೆ. ಮೇಲೆ ಗಡಿಗೆ ಕೂರಿಸಿ ಕೆಳಗಿನ ತೂತಿಗೆ ಒಂದು ಕೊಳ್ಳಿ ಇಟ್ಟರೆ ಸಾಕು, ಹೊಟ್ಟು ಅರ್ಧ ದಿನ ತಾನೇ ಸಣ್ಣಗೆ ಉರಿಯುತ್ತದೆ. ಊದುವುದು ಬೇಡ, ಸೌದೆ ಒಟ್ಟುವುದು ಬೇಡ.

"ಗಿರಣಿಗೆ ಹೋಗೋವಾಗ ನಾ ಹಿಂಗೇ ಇಟ್ಟು ಹೋಗ್ತಿದ್ದೆ. ಬರೋವತ್ತಿಗೆ ಊಟ ನನಗೇ ಕಾಯ್ತಿತ್ತು" ಅಂದಳು.

ಅಪ್ಪನಿಗೆ ಹೇಳಿದೆ. ಅವನಿಗೆ ಅರೆನಂಬಿಕೆ. "ಒಂದಿನ ಮಾಡಿ ತೋರ್ಸು. ಮಧ್ಯಾಹ್ನ ಬಿಸಿ ಊಟ ಸಿಕ್ಕರೆ ಕಾಲೇಜಿಗೆ ಹೋಗು, ಇಲ್ಲಾಂದ್ರೆ ಮತ್ತೆ ಈ ಮಾತು ಎತ್ತಬೇಡ" ಅಂದ. ಅಜ್ಜಿ ಮಾತ್ರ ಮೂಲೆಯಿಂದ ಗದರಿದಳು. ಒಲೆಯ ಮೇಲೆ ಗಡಿಗೆ ಇರುವಾಗ ಅದನ್ನು ಇಟ್ಟ ಹೆಣ್ಣು ಹೊಸ್ತಿಲು ದಾಟಬಾರದು ಎಂಬುದು ನಮ್ಮ ಮನೆಯಲ್ಲಿ ಅವಳ ಅತ್ತೆಯ ಕಾಲದಿಂದ ಬಂದ ಕಟ್ಟಳೆ. ಅಜ್ಜಿ ಹೆರಿಗೆಯ ನೋವಿನಲ್ಲೂ ಗಡಿಗೆ ಇಳಿಸಿಯೇ ಹೊರಗೆ ಬಂದವಳಂತೆ. "ಬಿಟ್ಟೋದ ಒಲೆ ಮನೆ ಸುಡ್ತೈತಿ, ಬಿಟ್ಟೋದ ಅಡುಗೆ ಹೊಟ್ಟೆ ಸುಡ್ತೈತಿ" ಎಂದಳು. ಅಪ್ಪ ತಾಯಿಯ ಮಾತು ಮೀರುವವನಲ್ಲ. ಆದರೂ ಒಂದು ದಿನದ ಮಟ್ಟಿಗೆ ಸುಮ್ಮನಿದ್ದ.

ಆ ದಿನ ನಾನು ಕೆಡಿಸಿದೆ. ಹೊಟ್ಟಿಗೆ ಒಂದಿಷ್ಟು ನೀರು ಚಿಮುಕಿಸಿ ಗುದ್ದಬೇಕಿತ್ತು. ಒಣದನ್ನೇ ತುಂಬಿದೆ. ಒನಕೆಯನ್ನು ತಿರುವುತ್ತ ನಿಧಾನಕ್ಕೆ ಮೇಲೆತ್ತಬೇಕಿತ್ತು. ಬಸ್ಸಿನ ಹೊತ್ತಾಯಿತೆಂದು ಒಂದೇ ಸಲಕ್ಕೆ ಎಳೆದೆ. ಕಾಲೇಜಿನ ಅರ್ಜಿ ತರಲು ಶಿಕಾರಿಪುರಕ್ಕೆ ಹೋಗಿ, ಸಂಜೆ ಅರ್ಜಿ ಹಿಡಿದು ಕುಣಿಯುತ್ತ ಬಂದರೆ ಅವ್ವ ಆ ಎಣ್ಣೆ ಡಬ್ಬದ ಕಡೆ ಕೈ ತೋರಿಸಿದಳು. ಹೊಟ್ಟು ಒಳಗೇ ಕುಸಿದು ದಾರಿ ಮುಚ್ಚಿ, ಬೆಂಕಿ ಆರಿಹೋಗಿತ್ತಂತೆ. ಗಡಿಗೆಯಲ್ಲಿ ಹುರುಳಿ ಇಟ್ಟದ್ದು ಇಟ್ಟ ಹಾಗೇ ಇತ್ತು. ಮನೆ ತುಂಬ ಹೊಗೆ, ಅಜ್ಜಿಗೆ ಕೆಮ್ಮು. ಅಪ್ಪ ಅವ್ವ ಒಣ ರೊಟ್ಟಿಗೆ ಖಾರದಪುಡಿ ನೆಂಚಿಕೊಂಡು ತಿಂದು ಹೊಲಕ್ಕೆ ಹೋಗಿದ್ದರು. "ಆತಲ್ಲ, ಮುಗೀತು" ಅಂದ ಅಪ್ಪ. ಬೈದಿದ್ದರೆ ಚೆನ್ನಾಗಿತ್ತು...

ಮರುದಿನ ಬೆಳಗ್ಗೆ ದೊಡ್ಡವ್ವ ನಮ್ಮ ಅಂಗಳಕ್ಕೆ ಬಂದಳು. ಇದು ಸಣ್ಣ ಸಂಗತಿಯಲ್ಲ. ಆಕೆಗೂ ಅಜ್ಜಿಗೂ ಮಾತು ನಿಂತು ವರ್ಷಗಳೇ ಆಗಿದ್ದವು. ದೊಡ್ಡವ್ವನ ಕೋಳಿ ನಮ್ಮ ಬಣವೆಯಲ್ಲಿ ಮೊಟ್ಟೆ ಇಡುತ್ತಿತ್ತು, ಮೊಟ್ಟೆ ಕೋಳಿಯವರದೋ ಬಣವೆಯವರದೋ ಎಂದು ಶುರುವಾದ ಜಗಳ ಕೋಳಿ ಸತ್ತರೂ ಸತ್ತಿರಲಿಲ್ಲ. ಜಗಲಿಯ ಮೇಲೆ ಕೂತಿದ್ದ ಅಜ್ಜಿ ಹೆಜ್ಜೆಯ ಸದ್ದಿಗೆ ಕಿವಿ ನಿಮಿರಿಸಿದಳು.

"ಯಾರದು?"

"ನಾನೇ ಅತ್ತಿ. ಮೊಟ್ಟೆ ಕದಿಯಾಕೆ ಬಂದೀನಿ."

"ಕೋಳಿ ಎಲ್ಲೈತಿ ಈಗ, ಕದಿಯಾಕೆ?"

"ಅದ್ಕೇ ನಿಮ್ಮ ಮೊಮ್ಮಗಳ್ನ ಕದ್ಕಂಡು ಹೋಗಿ ಕಾಲೇಜಿಗೆ ಬಿಟ್ಟು ಬರ್ತೀನಿ."

ಅಪ್ಪ ದನದ ಹಗ್ಗ ಹಿಡಿದವನು ಅಲ್ಲೇ ನಿಂತ. ಅಜ್ಜಿ ತನ್ನ ಕಟ್ಟಳೆಯನ್ನು ಮತ್ತೊಮ್ಮೆ ಗಟ್ಟಿಯಾಗಿ ಹೇಳಿದಳು: ಒಲೆ ಮೇಲೆ ಗಡಿಗೆ ಇಟ್ಟು ಹೆಣ್ಣು ಹೊಸ್ತಿಲು ದಾಟಬಾರದು. ದೊಡ್ಡವ್ವ ಅದನ್ನು ತಪ್ಪು ಅನ್ನಲಿಲ್ಲ, ಹಳೇಕಾಲದ್ದು ಅನ್ನಲಿಲ್ಲ. ಸೊಂಟ ಹಿಡಿದುಕೊಂಡು ಜಗಲಿಯ ತುದಿಯಲ್ಲಿ ಕೂತಳು.

"ಖರೇ ಹೇಳಿದ್ರಿ ಅತ್ತಿ. ಗಡಿಗಿ ಒಂದನ್ನೇ ಬಿಡಬಾರ್ದು. ಹಂಗಂತ ನೀವು ಹೆಣ್ಣಲ್ಲೇನು? ಮೂರೊತ್ತೂ ಮನ್ಯಾಗೇ ಇರ್ತೀರಿ. ಗಡಿಗಿ ಇಡೋರು ನೀವೇ ಅಂತ ಆಗ್ಲಿ, ಈಕಿ ಹೊಟ್ಟು ತುಂಬಿ ಕೊಟ್ಟು ಹೋಗ್ಲಿ."

"ಕುರುಡಿ ಏನು ಅಡುಗೆ ಮಾಡ್ತೀನಿ?"

"ಕಣ್ಣು ಹೋಗೈತಿ, ಮೂಗು ಹೋಗಿಲ್ಲಲ್ಲ. ಕಾಳು ಹಸೀದೈತೋ ಬೆಂದೈತೋ ವಾಸನಿ ಹೇಳ್ತೈತಿ. ಸೀದ ವಾಸನಿ ಬಂತಾ, ಒಂದು ಕೂಗು ಹಾಕ್ರಿ. ಬೇಲಿ ಹಾರಿ ಬರ್ತೀನಿ."

"ನಿನ್ನ ಸೊಂಟಕ್ಕೆ ಬೇಲಿ ಹಾರ್ತಿ?"

"ಹಾರಿದ್ರೆ ನಿಮಗೆ ಕಾಣಂಗಿಲ್ಲ, ಬಿಡ್ರಿ."

ಅಜ್ಜಿ ನಕ್ಕಳು. ಅವಳು ನಕ್ಕಿದ್ದನ್ನು ಕೇಳಿ ಎಷ್ಟು ಕಾಲವಾಗಿತ್ತೆಂದರೆ, ಒಳಗಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಆಮೇಲೆ ಅಜ್ಜಿ ಗೋಡೆ ತಡವುತ್ತ ಒಳಗೆ ಹೋಗಿ, ಗಡಿಗೆಯ ಬಾಯಿಯನ್ನು ಕೈಯಿಂದ ಅಳೆದು, ಹುರುಳಿಯನ್ನು ತಾನೇ ಸುರಿದಳು. ನಾನು ದೊಡ್ಡವ್ವ ಹೇಳಿದಂತೆ ನೀರು ಚಿಮುಕಿಸಿ ಹೊಟ್ಟು ಗುದ್ದಿದೆ, ಒನಕೆ ತಿರುವಿ ಎತ್ತಿದೆ. ಆ ಮಧ್ಯಾಹ್ನ ಅಪ್ಪ ಉಂಡು ಕೈತೊಳೆದು ಬಂದು ಹೇಳಿದ್ದು ಒಂದೇ ಮಾತು: "ನಾಳೆ ಅರ್ಜಿ ಕೊಟ್ಟು ಬಾ."

ಹಾಗೆ ನಾನು ಬಿಎ ಓದಿದೆ. ಬೆಳಗ್ಗೆ ಹೊಟ್ಟು ತುಂಬಿ ಕೊಳ್ಳಿ ಇಡುವುದು ನನ್ನ ಕೆಲಸ, ಗಡಿಗೆ ಇಡುವುದು ಅಜ್ಜಿಯ ಕೆಲಸ. ಒಂದು ದಿನ ಹುರುಳಿ, ಇನ್ನೊಂದು ದಿನ ಅವರೆ, ಮಳೆ ಹಿಡಿದರೆ ಹೆಸರುಕಾಳಿನ ಜೊತೆ ಅಕ್ಕಿನುಚ್ಚು ಸೇರಿಸಿ ಹುಗ್ಗಿ. ಎಲ್ಲವೂ ಒಂದೇ ಗಡಿಗೆಯ ಅಡುಗೆ. ನನ್ನ ಬಟ್ಟೆಗೆ ಹೊಗೆಯ ವಾಸನೆ ಅಂಟಿರುತ್ತಿತ್ತು. ಕ್ಲಾಸಿನಲ್ಲಿ ಪೇಟೆಯ ಹುಡುಗಿಯರು ಮೂಗು ಮುಚ್ಚಿಕೊಂಡದ್ದುಂಟು. ನಾನು ಮುಂದಿನ ಬೆಂಚು ಬಿಟ್ಟು ಏಳಲಿಲ್ಲ.

ಒಮ್ಮೆ ಯಾವುದೋ ಮುಷ್ಕರವೆಂದು ಕಾಲೇಜು ಬೇಗ ಬಿಟ್ಟಿತು. ಊಟದ ಹೊತ್ತಿಗೂ ಮುಂಚೆ ಊರು ಸೇರಿದ್ದೆ. ಹಿತ್ತಲ ಕಡೆಯಿಂದ ಬಂದರೆ ಒಲೆಯ ಎರಡೂ ಪಕ್ಕ ಅಜ್ಜಿ, ದೊಡ್ಡವ್ವ ಕಾಲು ಚಾಚಿ ಕೂತಿದ್ದರು. ಉಪ್ಪು ಈಗಲೇ ಹಾಕಬೇಕೋ ಬೆಂದ ಮೇಲೋ ಎಂದು ಜೋರು ಜಗಳ. "ಈಗ್ಲೇ ಹಾಕಿದ್ರೆ ಕಾಳು ಬೇಯಂಗಿಲ್ಲ ಅತ್ತಿ" ಎಂದು ಈಕೆ. "ನನ್ನ ಮನಿ ಗಡಿಗಿ, ನನ್ನ ಉಪ್ಪು" ಎಂದು ಅವಳು. ಒಬ್ಬಳು ಮುಚ್ಚಳ ತೆಗೆದರೆ ಇನ್ನೊಬ್ಬಳು ಮುಚ್ಚುತ್ತಿದ್ದಳು. ಆಗ ಗೊತ್ತಾಯಿತು, ಆಕೆ ಕೂಗು ಬರಲೆಂದು ಬೇಲಿಯಾಚೆ ಕಾಯುತ್ತಿರಲಿಲ್ಲ. ನಾನು ಬಸ್ಸು ಹತ್ತಿದ ಕೂಡಲೇ ಬಂದು ಅಜ್ಜಿಯ ಎದುರು ಕೂರುತ್ತಿದ್ದಳು. ಮೂಲೆಯಲ್ಲಿ ಕೂತು ಸಾವು ಬರಲಿ ಎನ್ನುತ್ತಿದ್ದ ಅಜ್ಜಿ ಈಗ ಮನೆಗೆಲ್ಲ ಉಣ್ಣಲಿಕ್ಕುವವಳು. ತಾನಾಗಿಯೇ ಬೇಯುತ್ತದೆಂದು ನಾನು ನಂಬಿದ್ದ ಅಡುಗೆಯನ್ನು ಇಬ್ಬರು ಮುದುಕಿಯರು ದಿನಾ ಕಾಯುತ್ತಿದ್ದರು.

"ನನಗೋಸ್ಕರ ಯಾಕೆ ಇಷ್ಟು ಮಾಡ್ತಿ ದೊಡ್ಡವ್ವ?" ಎಂದು ಒಮ್ಮೆ ಕೇಳಿದ್ದೆ. ಹೊಟ್ಟು ಗುದ್ದುತ್ತಿದ್ದವಳು ತಲೆ ಎತ್ತಲಿಲ್ಲ. "ನಾ ಗಿರಣಿಗೆ ಹೋಗ್ತೀನಿ ಅಂತ ನನ್ನ ಮಗಳ್ನ ನಾಕನೇ ಕ್ಲಾಸಿಗೇ ಬಿಡಿಸಿ ಒಲೆ ಮುಂದೆ ಕೂರಿಸಿದೆ. ಈ ಒಲೆ ನಾ ಕಲ್ತಿದ್ದು ಆಮ್ಯಾಲೆ" ಅಂದಳು.

ಫಲಿತಾಂಶ ಬಂದ ದಿನ ನಾನು ಮೊದಲು ಹೋದದ್ದು ಬೇಲಿಯಾಚೆಗೆ. ಆಕೆ ನನ್ನ ಕೆನ್ನೆ ಹಿಡಿದು ಅಲ್ಲಾಡಿಸಿ, "ಪಾಸಾದೋಳು ನೀನೊಬ್ಬಾಕಿನೇ ಅಂತ ತಿಳ್ಕಂಡಿಯೇನು? ನಾವೂ ಇದೀವಿ" ಅಂದು, ನಮ್ಮ ಮನೆಯ ಕಡೆ ತಿರುಗಿ, "ಅತ್ತೀ, ನಾವು ಪಾಸಂತೆ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು.

ಬಿಎಡ್ ಮುಗಿಸಿದ ಮೇಲೆ ನನಗೆ ಸೊರಬದ ಶಾಲೆಯೊಂದರಲ್ಲಿ ಕೆಲಸವಾಯಿತು. ಅಷ್ಟರಲ್ಲಿ ಅಜ್ಜಿ ತೀರಿಹೋಗಿದ್ದಳು. ಬಸ್ ನಿಲ್ದಾಣದ ಹತ್ತಿರ ಬಾಡಿಗೆ ಮನೆ ಹಿಡಿದು ದೊಡ್ಡವ್ವನನ್ನು ಕರೆಯಲು ಹೋದೆ. ಬಾ, ನಾಲ್ಕು ದಿನ ನನ್ನ ಜೊತೆ ಇರು, ಬಿಸಿಬಿಸಿ ಮಾಡಿ ಹಾಕುತ್ತೇನೆ ಅಂದೆ. "ಸುಗ್ಗಿ ಮುಗೀಲಿ ಕಣೇ, ಹೊಸ ಅಕ್ಕಿ ತಗಂಡು ಬರ್ತೀನಿ" ಅಂದಳು. ಸುಗ್ಗಿ ಮುಗಿಯುವ ಮುಂಚೆಯೇ ಅಪ್ಪ ಯಾರದೋ ಕೈಲಿ ಸುದ್ದಿ ಕಳಿಸಿದ. ನಾನು ಊರು ಮುಟ್ಟುವಷ್ಟರಲ್ಲಿ ದೊಡ್ಡವ್ವನನ್ನು ಮಣ್ಣು ಮಾಡಿಯಾಗಿತ್ತು. ಮಗಳು ಗುಡವಿಯಿಂದ ಬಂದಿದ್ದಳು. ನಾವಿಬ್ಬರೂ ಆಕೆಯ ಹಿತ್ತಲಲ್ಲಿ ಹೊಟ್ಟಿನ ಚೀಲಗಳ ಪಕ್ಕ ಬಹಳ ಹೊತ್ತು ಕೂತಿದ್ದೆವು.

ನಮ್ಮ ಮನೆತನದ ಮೊದಲ ಡಿಗ್ರಿ ನನ್ನದು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಕಷ್ಟಪಟ್ಟೆ, ಓದಿದೆ, ಗಳಿಸಿದೆ. ಆದರೆ ಬೆಳಗಿನ ಬಸ್ಸಿಗೆ ನಾನು ಹಗುರಾಗಿ ಓಡಲು ಸಾಧ್ಯವಾದದ್ದು ದೊಡ್ಡವ್ವ ನನ್ನ ಬದಲಿಗೆ ಒಲೆಯ ಮುಂದೆ ಕೂತದ್ದರಿಂದ.

ಇವತ್ತು ಸೌಟು ಹಿಡಿದು ನಿಂತಾಗ ಇನ್ನೊಂದು ವಿಷಯ ಹೊಳೆಯಿತು. ಆ ವರ್ಷಗಳಲ್ಲಿ ಆಕೆ ನಮ್ಮ ಮನೆಯಲ್ಲಿ ಉಂಡದ್ದೆಲ್ಲ ತಾನೇ ಕಾದು ಬೇಯಿಸಿದ ಊಟ. ನಾನೇ ನಿಂತು, ನಾನೇ ಕಾದು, ಆಕೆಗೆಂದು ಬೇಯಿಸಿ ಬಡಿಸಿದ್ದು ಒಂದು ತುತ್ತೂ ಇಲ್ಲ.

ಹೊರಗೆ ಗೇಟಿನ ಸದ್ದಾಯಿತು. ನನ್ನ ಇಬ್ಬರು ಮಕ್ಕಳು ಬ್ಯಾಗು ಎಸೆದು, "ಅಮ್ಮಾ, ಅಡುಗೆ ಆಗಿದ್ಯಾ?" ಎಂದು ಒಳಗೆ ಬಂದರು. ಆಗಿದೆ ಅಂದೆ. ತಟ್ಟೆ ಹಾಕಿ ಕೂರಿಸಿದೆ. ಇಬ್ಬರೂ ಎರಡನೇ ಸಲ ಹಾಕಿಸಿಕೊಂಡು ಉಂಡರು.